ಚೌಡಮ್ಮನಿಗೆ ಕೊಡದ ಆಟ

ನನ್ನ ಬಲಗೈ ಹೆಬ್ಬೆರಳು ನೋಯುತ್ತದೆ. ಬೆಳಿಗ್ಗೆ ಹಾಲಿನ ಪಾಕೀಟಿನ ಮೂಲೆ ಹರಿಯುವಾಗ ಬುಡದಲ್ಲಿ ಚುಳ್ಳೆನ್ನುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರಮ್ಮ ನನ್ನ ಮಗಳಿಗಿಂತ ಚಿಕ್ಕವಳು. ಬೆರಳನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಫೋನ್ ರೊಂಬ ಪಾಪ್ಪೀಂಗಳಾಮ್ಮಾ?" ಎಂದು ಕೇಳಿದಳು. ಫೋನ್ ಜಾಸ್ತಿ ನೋಡ್ತೀರಾ ಅಂತ.

"ನೋಡಲ್ಲ, ಆಡ್ತೀನಿ" ಅಂತ ನಾನೂ ತಮಿಳಿನಲ್ಲೇ ಹೇಳಿದೆ.

ಅವಳು ನಕ್ಕಳು. ಹಾಗಾದರೆ ಸ್ವಲ್ಪ ದಿನ ಆಟ ನಿಲ್ಲಿಸಿ ಅಂದಳು, ಒಂದು ಮುಲಾಮು ಬರೆದುಕೊಟ್ಟಳು. ಮುಲಾಮು ತಪ್ಪದೆ ಹಚ್ಚುತ್ತಿದ್ದೇನೆ. ಆಟಕ್ಕೆ ಎಡಗೈ ಅಭ್ಯಾಸ ಮಾಡಿಕೊಂಡಿದ್ದೇನೆ.

ಈ ಹೆಬ್ಬೆರಳು ಇವತ್ತು ನಿನ್ನೆ ನೋಯಲು ಶುರುವಾದದ್ದಲ್ಲ. ಹಾಲುಹಲ್ಲು ಬೀಳುವ ವಯಸ್ಸಿನಿಂದ ರಾಟೆ ಮುಂದೆ ಕೂತು ಕಂಡಿಕೆ ಸುತ್ತಿದ ಬೆರಳು ಇದು. ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ನೇಯುವ ಮನೆಗಳಲ್ಲಿ ಕಂಡಿಕೆ ಅನ್ನುತ್ತಾರೆ. ಒಂದು ಕೈ ರಾಟೆ ತಿರುಗಿಸಬೇಕು, ಇನ್ನೊಂದು ಕೈಯ ಹೆಬ್ಬೆರಳೂ ತೋರುಬೆರಳೂ ಎಳೆಯನ್ನು ಹದವಾಗಿ ಹಿಡಿದಿರಬೇಕು. ಆಗ ನೋವು ಅಂದರೆ ಅವ್ವ, "ಎಣ್ಣೆ ಅಚ್ಕೊಂಡು ಕುಂತ್ಕೊ" ಅನ್ನುತ್ತಿದ್ದಳು. ಮದುವೆಯಾಗಿ ಸೇಲಂಗೆ ಬಂದ ಮೇಲೆ ಅತ್ತೆ ಸ್ಥಾನದಲ್ಲಿದ್ದವರೂ ಎಣ್ಣೆಯ ಬಾಟಲಿಯನ್ನೇ ತೋರಿಸಿದರು. ದುಡಿದು ನೋಯಿಸಿಕೊಂಡ ಬೆರಳಿಗೆ ಎಣ್ಣೆ, ಆಡಿ ನೋಯಿಸಿಕೊಂಡ ಬೆರಳಿಗೆ ಬುದ್ಧಿವಾದ. ಲೋಕ ಹೀಗೆ ಹಂಚಿಕೊಟ್ಟಿದೆ.

ಮೊದಲೇ ಹೇಳಿಬಿಡುತ್ತೇನೆ. ಇದು ಚಟ ಬಿಟ್ಟು ಒಳ್ಳೆಯವಳಾದವಳ ಕಥೆಯಲ್ಲ. ಅಂಥದ್ದು ಬೇಕಾದವರು ಬೇರೆ ಕಡೆ ನೋಡಿಕೊಳ್ಳಿ. ನಾನು ಆಡುತ್ತಿದ್ದೆ, ಆಡುತ್ತಿದ್ದೇನೆ. ನಡುವೆ ಏನಾಯಿತು ಅನ್ನುವುದನ್ನಷ್ಟೇ ಬರೆಯುತ್ತಿದ್ದೇನೆ. ನಾನು ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡ ಅಕ್ಷರ ಕಲಿಸಿದ್ದು ಅಪ್ಪ, ಮಗ್ಗದ ಪಕ್ಕದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು. ಆದ್ದರಿಂದ ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಅದು ಆಟದಿಂದ ಬಂದ ದೋಷ ಅಂತ ಯಾರೂ ಹೇಳಬೇಡಿ.

ಆಟ ಅಂಥದ್ದೇನೂ ಅಲ್ಲ. ಪರದೆ ತುಂಬ ಬಣ್ಣಬಣ್ಣದ ಮಣಿಗಳು. ಪಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿ ಒಂದೇ ಬಣ್ಣದ ಮೂರನ್ನು ಸಾಲಿಗೆ ತಂದರೆ ಅವು ಟಪ್ಪೆಂದು ಒಡೆದು ಮಾಯವಾಗುತ್ತವೆ, ಮೇಲಿನಿಂದ ಹೊಸವು ಉದುರುತ್ತವೆ. ಸೋತರೆ ಒಂದು ಹಾರ್ಟ್ ಹೋಗುತ್ತದೆ. ಎಲ್ಲ ಹಾರ್ಟೂ ಮುಗಿದರೆ ಸ್ವಲ್ಪ ಹೊತ್ತು ಸುಮ್ಮನಿರಬೇಕು, ಆಮೇಲೆ ಅದಾಗಿಯೇ ಒಂದು ಬರುತ್ತದೆ. ಹಾಗೆ ಕಾಯುವಾಗಲೇ ನಾನು ಅಕ್ಕಿ ಆರಿಸುವುದು, ಬಟ್ಟೆ ಮಡಚುವುದು. ನಮ್ಮ ಮನೆ ಕೆಲಸ ನಿಂತಿದೆ ಅಂತ ದೂರುವವರಿಗೆ ಈ ವಿಷಯ ಗೊತ್ತಿಲ್ಲ.

ಆಟವನ್ನು ಫೋನಿಗೆ ಹಾಕಿಕೊಟ್ಟವಳು ನನ್ನ ಮಗಳು ಕವಿತಾ. ನನ್ನ ಮಂಡಿ ಕೆಟ್ಟು ರಾಟೆ ಮುಂದೆ ಕೂರಲಾಗದೆ ಹೋದಾಗ ನಮ್ಮನೆಯವರು ಮೋಟಾರಿನ ರಾಟೆ ತಂದರು. ನಾನು ಒಂದು ಬೆಳಗ್ಗೆಯೆಲ್ಲ ಸುತ್ತುತ್ತಿದ್ದುದನ್ನು ಅದು ಕಾಫಿ ಕುದಿಯುವಷ್ಟರಲ್ಲಿ ಸುತ್ತಿ ಮುಗಿಸಿ ಗೊಣಗುಟ್ಟುತ್ತ ನಿಲ್ಲುತ್ತಿತ್ತು. ಅವರು ಮಗ್ಗದ ಗುಂಡಿಗೆ ಇಳಿದು ಕೂತರೆ ನಾನು ಹೊಸ್ತಿಲ ಹತ್ತಿರ ಕೂತು ಕೈ ನೋಡಿಕೊಳ್ಳುತ್ತಿದ್ದೆ. ಕೈಗೆ ಕೆಲಸ ಇಲ್ಲದಿದ್ದರೆ ನನಗೆ ಅವು ಬೇರೆ ಯಾರದೋ ಕೈ ಅನ್ನಿಸುತ್ತಿತ್ತು. ದೀಪಾವಳಿಗೆ ಬಂದ ಕವಿತಾ ಇದನ್ನು ನೋಡಿ, "ಅಮ್ಮಾ, ಇದ ವೆಳೆಯಾಡು, ಪೊಳುದು ಪೋಗುಂ" ಅಂದಳು. ಆಡು, ಹೊತ್ತು ಹೋಗುತ್ತೆ ಅಂತ. ಅವಳಿಗೆ ಕನ್ನಡ ಬರುತ್ತದೆ, ಬೈಯುವಾಗ ಮಾತ್ರ.

ಆಡಿದೆ. ನೂಲಿನ ಬಣ್ಣ ನೋಡಿ ನೋಡಿ ಪಳಗಿದ ಕಣ್ಣು. ಅರಶಿನದೊಳಗೆ ಅಡಗಿದ ಕಿತ್ತಳೆಯನ್ನು ದೂರದಿಂದಲೇ ಹಿಡಿಯುತ್ತದೆ. ಕವಿತಾ ತಿಣುಕಿದ ಲೆವೆಲ್ಲನ್ನು ನಾನು ಹುರುಳಿ ಹುರಿಯುತ್ತ ದಾಟಿದೆ. ಜಂಬ ಅನ್ನಿ, ಬೇಸರವಿಲ್ಲ.

ಆಟ ಅಂದರೆ ನನಗೆ ಮೊದಲು ನೆನಪಾಗುವವಳು ಧರ್ಮಪುರಿ ಕಡೆಯ ನಮ್ಮಜ್ಜಿ. ಅವಳ ಹತ್ತಿರ ಹಲಸಿನ ಮರದಲ್ಲಿ ಕೊರೆದ ಅಳಗುಳಿ ಮಣೆ ಇತ್ತು. ಗುಳಿಗಳು ಅವಳ ಬೆರಳಿಗೆ ಸವೆದು ನುಣ್ಣಗಾಗಿದ್ದವು. ಹುಣಸೆಬೀಜ ಹಾಕಿ ಆಡುತ್ತಿದ್ದಳು. ಮಧ್ಯಾಹ್ನ ಊಟ ಮುಗಿದು ಪಾತ್ರೆ ತೊಳೆದ ಮೇಲೆ ಅವಳು ಮಣೆ ಬಿಚ್ಚಿದಳೆಂದರೆ ಮನೆಯ ಗಂಡಸರಿಗೆ ಮೈ ಉರಿ. ಒಂದು ಸಲ ತಾತನ ತಮ್ಮ ಒಳಗೆ ಬಂದು, ರಾಗಿ ಬೀಸೋದು ಬಿಟ್ಟು ಹುಣಸೆಬೀಜ ಎಣಿಸ್ತಾ ಕುಂತವ್ಳೆ ಅಂದ. ಅಜ್ಜಿ ತಲೆ ಎತ್ತಲಿಲ್ಲ. ಬೀಜ ಹಾಕುತ್ತ ಹಾಕುತ್ತಲೇ ಹೇಳಿದಳು: "ಬೀಸಿದ್ದೂ ನಾನೇ, ಮುದ್ದೆ ತೊಳಸಿದ್ದೂ ನಾನೇ. ನೀನು ತಿಂದು ಕೈ ತೊಳ್ಕೊಂಡೆ. ಈಗ ಆಡೋದೂ ನಾನೇ. ಓಗಪ್ಪ." ಅವನು ಹೋದ. ಹೋಗಿ ಎಲ್ಲಿ ಕೂತ ಅಂತೀರಿ? ಬೇವಿನ ಮರದ ಕೆಳಗೆ, ಇಸ್ಪೀಟಿಗೆ.

ಗಂಡಸರ ಆಟಕ್ಕೆ ಯಾವ ಊರಲ್ಲೂ ಕೆಟ್ಟ ಹೆಸರಿಟ್ಟಿಲ್ಲ ನೋಡಿ. ನನ್ನ ಮಾವ ಸೇಲಂನಲ್ಲಿ ನಮ್ಮ ಬೀದಿಯ ಗುಡಿಯ ಜಗಲಿಯ ಮೇಲೆ ಹುಲಿಕಟ್ಟೆ ಆಡಿ ಆಡಿಯೇ ಮುದುಕರಾದರಂತೆ. ಕಲ್ಲಿನ ಮೇಲೆ ಅವರು ಕೊರೆದ ಗೆರೆ ಇನ್ನೂ ಇದೆ. ಅದನ್ನು ತೋರಿಸಿ ಜನ, ಎಂಥಾ ತಲೆ ಇತ್ತು ಅವರಿಗೆ ಅನ್ನುತ್ತಾರೆ. ನನ್ನ ಫೋನ್ ತೋರಿಸಿ, ಇವಳಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ.

ಇರಲಿ. ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ಒಂದು ದಿನ ನಮ್ಮನೆಯವರು ಮಗ್ಗದ ಗುಂಡಿಯಿಂದ ಮೇಲೆ ಬರುವಾಗ ಅರ್ಧಕ್ಕೇ ನಿಂತರು. ಎದೆ ಮೇಲೆ ಕೈ ಇಟ್ಟುಕೊಂಡು, "ಲಚ್ಚುಮಿ, ಸ್ವಲ್ಪ ನೀರು ಕೊಡು" ಅಂದರು. ಅವರು ಅಷ್ಟು ಮೆತ್ತಗೆ ನೀರು ಕೇಳಿದ್ದೇ ಇಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ರಕ್ತನಾಳ ಕಟ್ಟಿಕೊಂಡಿದೆ, ಎದೆ ತೆರೆದು ಆಪರೇಷನ್ ಮಾಡಬೇಕು ಅಂದರು.

ಆಪರೇಷನ್ನಿನ ದಿನ ಬೆಳಿಗ್ಗೆ ಅವರನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಉದ್ದದ ಕಾರಿಡಾರು, ಒಂದಕ್ಕೊಂದು ಬೆಸೆದ ಕಬ್ಬಿಣದ ಕುರ್ಚಿಗಳು. ಕವಿತಾ ಔಷಧಿ ತರಲು ಕೆಳಗೆ ಹೋಗಿದ್ದಳು. ಕುರ್ಚಿಯಲ್ಲಿ ನಾನು, ನನ್ನ ಪಕ್ಕದಲ್ಲಿ ನಂಜಮ್ಮಕ್ಕ.

ನಂಜಮ್ಮಕ್ಕ ನಮ್ಮನೆಯವರ ದೊಡ್ಡಕ್ಕ. ಎಪ್ಪತ್ತು ದಾಟಿದೆ. ಪಕ್ಕದ ಬೀದಿಯಲ್ಲೇ ಮಗನ ಮನೆಯಲ್ಲಿದ್ದಾರೆ. ಅವರ ತಾಯಿ ಬೇಗ ತೀರಿಹೋದದ್ದರಿಂದ ತಮ್ಮನನ್ನು ಸಾಕಿದವರು ಇವರೇ. ನಾನು ಮದುವೆಯಾಗಿ ಬಂದಾಗ ಎಣ್ಣೆಯ ಬಾಟಲಿ ತೋರಿಸಿದ ಅತ್ತೆ ಸ್ಥಾನದವರು ಅಂದೆನಲ್ಲ, ಅದೂ ಇವರೇ. ಅವತ್ತು ಅವರ ಮಡಿಲಲ್ಲಿ ನಮ್ಮ ಕುಲದೇವತೆ ಚೌಡಮ್ಮನ ಕುಂಕುಮದ ಪೊಟ್ಟಣ ಇತ್ತು. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು.

ನಾನೂ ದೇವರನ್ನು ನೆನೆಯಲು ನೋಡಿದೆ. ಹೆಸರು ಬಾಯಿಗೆ ಬರುತ್ತಿತ್ತು, ಮುಂದೆ ಏನು ಹೇಳಬೇಕೋ ಅದು ಬರುತ್ತಿರಲಿಲ್ಲ. ನೆಲದ ಚೌಕಗಳನ್ನು ನೋಡಿದೆ. ಆ ಬಾಗಿಲನ್ನು ನೋಡಿದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ನನ್ನ ಕೈ ಸೆರಗಿನ ಅಂಚಿನಿಂದ ಎಳೆ ಎಳೆದು ಎಳೆದು ಒಂದು ಗೇಣಿನಷ್ಟು ಅಂಚನ್ನೇ ಬಿಚ್ಚಿಹಾಕಿತ್ತು. ಅದು ನಮ್ಮನೆಯವರೇ ನೇಯ್ದ ಸೀರೆ. ಸೆರಗು ಬಿಟ್ಟು ಚೀಲದಿಂದ ಫೋನ್ ತೆಗೆದೆ. ಸದ್ದು ಬಂದ್ ಮಾಡಿ ಆಟ ತೆರೆದೆ.

ಕೆಂಪು, ಕೆಂಪು, ಎಲ್ಲಿದೆ ಇನ್ನೊಂದು ಕೆಂಪು. ಸಿಕ್ಕಿತು. ಒಡೆಯಿತು. ಈಗ ಹಸಿರು.

"ಏನೇ ಅದು?" ನಂಜಮ್ಮಕ್ಕ ಕಣ್ಣು ತೆರೆದಿದ್ದರು.

"ಆಟ ಅಕ್ಕಾ."

"ನನ್ ತಮ್ಮನ್ನ ಒಳಗೆ ಎದೆ ಕುಯ್ತಾವ್ರೆ. ನೀನು ಆಟ ಆಡ್ತಾ ಕುಂತಿದ್ದೀಯಾ?"

"ಊಂ ಅಕ್ಕಾ."

ಅವರು ದನಿ ತಗ್ಗಿಸುವವರಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಎದುರಿಗಿದ್ದ ಒಬ್ಬ ಹೆಂಗಸು ನಂಜಮ್ಮಕ್ಕನ ಕಡೆ ಕನಿಕರದಿಂದ ನೋಡಿ, "ಇಂದ ಕಾಲತ್ತು ಪೊಂಬಳೆಂಗ" ಅಂತ ನಿಟ್ಟುಸಿರು ಬಿಟ್ಟಳು. ಈ ಕಾಲದ ಹೆಂಗಸರು ಅಂತ. ಅರವತ್ತರ ಹತ್ತಿರ ಇರುವ ನನಗೆ ಆ ಮಾತು ಒಂದು ಥರ ಹಿತವಾಗಿಯೇ ಕೇಳಿಸಿತು.

ಫೋನ್ ಒಳಗಿಡಬಹುದಿತ್ತು. ಎಲ್ಲರೂ ಸುಮ್ಮನಾಗುತ್ತಿದ್ದರು. ಇಡಲಿಲ್ಲ. ಕೈ ಖಾಲಿಯಾದರೆ ಅದು ಮುಂದೆ ಏನು ಮಾಡುತ್ತದೋ ನೋಡುವ ಧೈರ್ಯ ನನಗಿರಲಿಲ್ಲ. ಅದನ್ನು ಕಾರಿಡಾರಿನ ಜನಕ್ಕೆಲ್ಲ ವಿವರಿಸುವ ಶಕ್ತಿಯೂ ಇರಲಿಲ್ಲ. ಆಡುತ್ತಲೇ ಇದ್ದೆ. ಮಧ್ಯಾಹ್ನ ಕಳೆದ ಮೇಲೆ ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದು, ಆಪರೇಷನ್ ಚೆನ್ನಾಗಿ ಆಯಿತು ಅಂದರು. ನಂಜಮ್ಮಕ್ಕ ಹೋ ಅಂತ ಅತ್ತು ಅವರ ಕಾಲು ಮುಟ್ಟಲು ಹೋದರು. ನಾನು ಎದ್ದು ನಿಲ್ಲಲು ನೋಡಿದೆ. ಮಂಡಿ ಹಿಡಿದುಕೊಂಡು ಏಳಲಾಗಲಿಲ್ಲ. ಕೂತಲ್ಲಿಂದಲೇ ಕೈ ಮುಗಿದೆ. ಅದೂ ಆಮೇಲೆ ಕಥೆಯಾಯಿತು: ಡಾಕ್ಟರು ಬಂದರೂ ಎದ್ದೇಳಲಿಲ್ಲವಂತೆ, ಫೋನ್ ಕೈಯಲ್ಲೇ ಇತ್ತಂತೆ.

ಎರಡು ದಿನದ ಮೇಲೆ ನಮ್ಮನೆಯವರನ್ನು ನೋಡಲು ಬಿಟ್ಟರು, ಒಬ್ಬೊಬ್ಬರನ್ನೇ. ಮೊದಲು ನಂಜಮ್ಮಕ್ಕ ಹೋದರು. ಹೊರಗೆ ಬಂದಾಗ ಅವರ ಮುಖದಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಿದ ನೆಮ್ಮದಿ ಇತ್ತು. ಆಮೇಲೆ ನಾನು ಹೋದೆ. ನಮ್ಮನೆಯವರ ಮೂಗಿನಲ್ಲಿ ಕೊಳವೆ, ಎದೆಯ ಮೇಲೆ ದಪ್ಪ ಪಟ್ಟಿ. ಕಣ್ಣು ಮಾತ್ರ ಅವರದೇ. ನನ್ನನ್ನು ಹತ್ತಿರ ಕರೆದರು. ಬಗ್ಗಿದೆ.

"ನನಗೆ ಇರೋದೇ ಒಂದು ಆರ್ಟು. ಅದನ್ನೂ ರಿಪೇರಿ ಮಾಡವ್ರೆ" ಅಂದರು, ಒಂದೊಂದೇ ಮಾತು ಬಿಡಿಸಿ ಬಿಡಿಸಿ. "ನಿನಗೆ ಎಷ್ಟು ಉಳ್ಕೊಂಡೈತೆ?"

ಆಪರೇಷನ್ನಿನ ದಿನ ಬಾರದ ಕಣ್ಣೀರು ಅವಾಗ ಬಂತು. ನರ್ಸಮ್ಮ ಗದರಿಸಿ ಹೊರಗೆ ಕಳಿಸಿದಳು.

ಅವರು ಮನೆಗೆ ಬಂದರು. ಮೆಲ್ಲಗೆ ಓಡಾಡತೊಡಗಿದರು. ಮಗ್ಗಕ್ಕೆ ಮಾತ್ರ ಇಳಿಯುವಂತಿಲ್ಲ. ಅಷ್ಟರಲ್ಲಿ ಗಂಡನ ಎದೆ ಕುಯ್ಯುವಾಗ ಆಟ ಆಡಿದವಳು ಅಂತ ನನ್ನ ಹೆಸರು ಸೇಲಂ ದಾಟಿ ಧರ್ಮಪುರಿವರೆಗೂ ಹೋಗಿತ್ತು. ಆರೋಗ್ಯ ವಿಚಾರಿಸಲು ಫೋನ್ ಮಾಡಿದವರು ಕೊನೆಗೆ, "ನೀನು ಚೆನ್ನಾಗಿದ್ದೀಯಾಮ್ಮ?" ಅಂತ ಒಂದು ಥರ ಎಳೆದು ಕೇಳುತ್ತಿದ್ದರು. "ಚೆನ್ನಾಗಿದ್ದೀನಿ, ನಿನ್ನೆ ದೊಡ್ಡ ಲೆವೆಲ್ ದಾಟಿದೆ" ಅನ್ನುತ್ತಿದ್ದೆ. ಆಮೇಲೆ ಫೋನುಗಳು ಕಡಿಮೆಯಾದವು.

ಇಲ್ಲಿ ಆಡಿ ಅನ್ನುವ ಆಷಾಢದ ತಿಂಗಳು ಕಳೆದು ಒಂದು ಬೆಳಿಗ್ಗೆ ನಂಜಮ್ಮಕ್ಕ ಬಂದರು. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಹೊಸ ರವಿಕೆ ಬಟ್ಟೆ. ನಮ್ಮನೆಯವರು ಪೇಪರ್ ಓದುತ್ತಿದ್ದರು. ನಾನು ಕಾಫಿ ಕೊಟ್ಟೆ.

"ಚೌಡಮ್ಮನ್ ತಾವ ಓಗ್ಬೇಕು. ಅರಕೆ ಐತೆ" ಅಂದರು.

"ಓಗಾನ ಅಕ್ಕಾ. ಏನು ಅರಕೆ?"

ಅವರು ಕಾಫಿ ಲೋಟ ಕೆಳಗಿಟ್ಟರು. "ಅವತ್ತು ಆಸ್ಪತ್ರೇಲಿ ಕಟ್ಕೊಂಡೆ. ನನ್ ತಮ್ಮ ಬದುಕಿ ಬಂದ್ರೆ, ನನ್ ತಮ್ಮನ ಎಂಡ್ತಿ ಈ ಫೋನಾಟ ಬಿಟ್ಬುಡ್ತಾಳೆ ಅಂತ."

ನಮ್ಮನೆಯವರ ಮುಖದ ಮುಂದಿನ ಪೇಪರು ಕೆಳಗಿಳಿಯಲಿಲ್ಲ. ಆದರೆ ಓದುವುದು ನಿಂತಿತ್ತು, ಅದು ನನಗೆ ಗೊತ್ತಾಯಿತು.

"ನಾನು ಬಿಡ್ತೀನಿ ಅಂತ ನೀವು ಕಟ್ಕೊಂಡ್ರಾ?"

"ಊಂ."

"ನನ್ನ ಕೇಳ್ದೆ?"

"ಕೇಳೋ ಟೈಮಾ ಅದು? ನೀನು ಆಡ್ತಾ ಇದ್ದೆ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. "ಅಕ್ಕಾ, ನಿಮ್ಮ ಎಲೆ ಅಡಿಕೆ ಬಿಡ್ತೀನಿ ಅಂತ ಕಟ್ಕೊಬೋದಿತ್ತು. ಬೆಳಗಿನ ಕಾಫಿ ಬಿಡಬೋದಿತ್ತು. ನನ್ನದನ್ನ ತಗೊಂಡು ನೀವು ಕೊಡೋದು ಯಾವ ಸೀಮೆ ಅರಕೆ?"

"ಮಕ್ಕಳ ಮುಡಿ ಅಪ್ಪ ಅವ್ವ ಕೊಡಲ್ವಾ?"

"ನಾನು ನಿಮ್ಮ ಮಗು ಅಲ್ಲ ಅಕ್ಕಾ. ನಾನು ಬಿಡಲ್ಲ."

ಅವರು ಎದ್ದು ಹೋದರು. ಹಣ್ಣುಕಾಯಿ ಅಲ್ಲೇ ಬಿಟ್ಟು ಹೋದರು. ನಾನು ನಮ್ಮನೆಯವರ ಕಡೆ ತಿರುಗಿದೆ. ಅವರು ಪೇಪರಿನ ಹಿಂದಿನಿಂದಲೇ, "ನಾನು ಮಧ್ಯ ಬರಲ್ಲ. ಬಂದ್ರೆ ಇನ್ನೊಂದು ಆಪರೇಷನ್ನೇ" ಅಂದರು.

ಕವಿತಾಗೆ ಫೋನ್ ಮಾಡಿದೆ. ಅವಳು ಸುಲಭದ ದಾರಿ ಹೇಳಿದಳು: ಗುಡಿಯಲ್ಲಿ ನಂಜಮ್ಮತ್ತೆ ಎದುರಿಗೆ ಆಟ ಡಿಲೀಟ್ ಮಾಡು, ಮನೆಗೆ ಬಂದು ಮತ್ತೆ ಹಾಕಿಕೋ, ಲೆವೆಲ್ ಎಲ್ಲ ಹಾಗೇ ಇರುತ್ತೆ. ನಾನು ಬೇಡ ಅಂದೆ. ದೇವರ ಮುಂದೆ ಕೊಟ್ಟೆ ಅಂತ ಹೇಳಿ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವುದು ನನಗೆ ಬರುವುದಿಲ್ಲ. ಆಡುವುದಾದರೆ ಎಲ್ಲರ ಎದುರಿಗೆ ಆಡಬೇಕು.

ವಿಷಯ ಅಲ್ಲಿಗೆ ಮುಗಿಯಬಹುದಿತ್ತು, ನಂಜಮ್ಮಕ್ಕ ಬರೀ ಹಠ ಮಾಡುವವರಾಗಿದ್ದರೆ. ಅವರು ಮತ್ತೆ ಬಂದರು. ದಿನಾ ಬಂದರು. ನನ್ನ ಜೊತೆ ಮಾತಿಲ್ಲ. ಬಾಗಿಲ ಹತ್ತಿರ ಕೂತು ತಮ್ಮನನ್ನೇ ನೋಡುತ್ತಿದ್ದರು. ನಮ್ಮನೆಯವರು ಕೆಮ್ಮಿದರೆ ಅಕ್ಕನ ಮುಖ ಬಿಳಿಚುತ್ತಿತ್ತು. ಅವರು ಮಧ್ಯಾಹ್ನ ನಿದ್ದೆ ಮಾಡಿದರೆ ಅಕ್ಕ ಬಗ್ಗಿ ಉಸಿರು ನೋಡುತ್ತಿದ್ದರು. ಹರಕೆ ತೀರಿಸದಿದ್ದರೆ ಚೌಡಮ್ಮ ಕೊಟ್ಟದ್ದನ್ನು ವಾಪಸ್ ತಗೊಳ್ಳುತ್ತಾಳೆ ಅನ್ನುವ ಭಯ ಅದು. ನಂಜಮ್ಮಕ್ಕ ಸೊರಗಿದರು. ಅವರ ಸೊಸೆ ಬಂದು, ಅತ್ತೆ ಸರಿಯಾಗಿ ಊಟ ಮಾಡುತ್ತಿಲ್ಲ ಅಂದಳು.

ನನಗೆ ಅವರ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ. ಆದರೆ ಆ ಭಯ ನಾಟಕವಲ್ಲ. ಒಂದು ದಿನ ಕಾಫಿ ಕೊಡುತ್ತ, "ಶುಕ್ರವಾರ ಚೌಡಮ್ಮನ ಗುಡಿಗೆ ಓಗಾನ" ಅಂದೆ.

"ಬಿಡ್ತೀಯಾ?"

"ಅಲ್ಲಿ ನೋಡಾನ."

ಶುಕ್ರವಾರ ಬೆಳಿಗ್ಗೆ ಸೇಲಂನಿಂದ ಧರ್ಮಪುರಿ ಬಸ್ ಹತ್ತಿದೆವು. ನಮ್ಮನೆಯವರಿಗೆ ಮುಂದೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹಿಂದಿನ ಸೀಟಿನಲ್ಲಿ ನಾನೂ ನಂಜಮ್ಮಕ್ಕನೂ ಒಟ್ಟಿಗೆ ಕೂರಬೇಕಾಯಿತು. ಓಮಲೂರು ದಾಟುವವರೆಗೂ ಅವರು ಕಿಟಕಿ ನೋಡಿದರು, ನಾನು ಮುಂದಿನ ಸೀಟಿನ ಕಂಬಿ ನೋಡಿದೆ. ತೊಪ್ಪೂರು ಘಾಟಿನಲ್ಲಿ ಬಸ್ ನಿಂತಿತು. ಮೇಲೆ ಎಲ್ಲೋ ಒಂದು ಲಾರಿ ರಸ್ತೆಗೆ ಅಡ್ಡ ನಿಂತುಬಿಟ್ಟಿದೆಯಂತೆ. ಡ್ರೈವರು ಎಂಜಿನ್ ಆರಿಸಿ ಬೀಡಿ ಹಚ್ಚಲು ಇಳಿದ. ಗೋಡೆಯ ಮೇಲೆ ಕೋತಿಗಳು ಸಾಲಾಗಿ ಕೂತು ನಮ್ಮನ್ನು ನೋಡುತ್ತಿದ್ದವು. ಸೀಬೆಹಣ್ಣಿನವಳು ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಬಂದಳು. ನಮ್ಮನೆಯವರು ತಲೆ ವಾಲಿಸಿ ನಿದ್ದೆ ಹೋಗಿದ್ದರು.

ನಾನು ಫೋನ್ ತೆಗೆದೆ.

"ಇಲ್ಲೂನಾ" ಅಂದರು ನಂಜಮ್ಮಕ್ಕ. ಬಸ್ ಹತ್ತಿದ ಮೇಲೆ ಅವರ ಮೊದಲ ಮಾತು.

"ಬಸ್ಸು ನಿಂತೈತೆ ಅಕ್ಕಾ. ಇನ್ನೇನು ಮಾಡ್ಲಿ?"

ಅವರು ಮುಂದಿನ ಸೀಟಿನಲ್ಲಿ ವಾಲಿದ್ದ ತಲೆಯನ್ನೇ ನೋಡುತ್ತ ಮಾತಾಡತೊಡಗಿದರು. "ನಮ್ಮವ್ವ ಓದಾಗ ಇವನು ಅಂಬೆಗಾಲು. ನಾನೂ ಚಿಕ್ಕೋಳೆ. ಅಪ್ಪ ಮಗ್ಗಕ್ಕೆ ಇಳಿದ್ರೆ, ನಾನು ಕಂಡಿಕೆ ಸುತ್ಬೇಕು. ಇವನು ಗುಂಡೀಗೆ ಬಿದ್ಬುಟ್ಟಾನು ಅಂತ ಅವ್ವನ ಸೀರೇಲಿ ಕಂಬಕ್ಕೆ ಕಟ್ ಆಕ್ತಿದ್ದೆ. ಅಳ್ತಾ ಅಳ್ತಾ ನೂಲು ಬಾಯಿಗಿಟ್ಕೊಂಡು ನಿದ್ದೆ ಮಾಡೋನು. ಅಂಗೆ ಬೆಳಸಿದೋನು ಕಣೆ. ನೀನು ಆಮೇಲೆ ಬಂದೋಳು."

"ಆಮೇಲೆ ಬಂದ್ರೂ ಬಂದು ಇಲ್ಲೇ ಇದ್ದೀನಲ್ಲ ಅಕ್ಕಾ."

"ಅವತ್ತು ನಿನ್ ಮೊಕ ನೋಡ್ದೆ. ಭಯಾನೇ ಇರ್ಲಿಲ್ಲ. ನನಗೆ ಕೈ ಕಾಲು ನಡುಗ್ತಾ ಐತೆ, ಇವಳು ನೋಡಿದ್ರೆ ಇಂಗೆ. ಅವನಿಗೆ ನಾನೊಬ್ಬಳೇ ಇರೋದು ಅನ್ನಿಸ್ಬುಡ್ತು."

ನಾನು ಫೋನ್ ಮಡಿಲಲ್ಲಿಟ್ಟೆ. "ಅವತ್ತು ಉಟ್ಟಿದ್ದ ಸೀರೆ ಮನೇಲೈತೆ, ಬಂದು ನೋಡಿ. ಸೆರಗಿನ ಅಂಚು ಒಂದು ಗೇಣು ಕಿತ್ತಾಕಿದ್ದೀನಿ. ನನಗೇ ಗೊತ್ತಿಲ್ಲದಂಗೆ ಕೈ ಬಿಚ್ಚಾಕ್ತು. ಅವರು ನೇಯ್ದಿದ್ದು ಅದು. ಒಳಗೆ ಅವರನ್ನ ಬಿಚ್ತಾವ್ರೆ, ಹೊರಗೆ ನಾನು ಅವರು ನೇಯ್ದಿದ್ದನ್ನ ಬಿಚ್ತಾ ಇದ್ದೀನಿ. ಅದಕ್ಕೇ ಫೋನ್ ತೆಗೆದೆ. ನೀವು ಕುಂಕುಮದ ಪೊಟ್ಟಣ ಇಡ್ಕೊಂಡಿದ್ರಿ. ನಾನು ಇದನ್ನ ಇಡ್ಕೊಂಡಿದ್ದೆ."

ಅವರು ನನ್ನ ಕೈ ನೋಡಿದರು.

"ಅಳು ಬರ್ಲಿಲ್ಲ ನನಗೆ" ಅಂದೆ. "ಬರ್ಲಿಲ್ಲ ಅಂತ ನಾನು ಯಾರ ಎದುರಿಗೂ ತಲೆ ತಗ್ಗಿಸಲ್ಲ."

"ತಗ್ಗಿಸ್ಬೇಡ" ಅಂದರು ನಂಜಮ್ಮಕ್ಕ. ಸೀಬೆಹಣ್ಣಿನವಳನ್ನು ಸನ್ನೆ ಮಾಡಿ ಕರೆಯುತ್ತ, "ಆದ್ರೂ ಅರಕೆ ಅರಕೇನೆ" ಅಂದರು.

ಸೀಬೆಹಣ್ಣು ತಗೊಂಡರು. ಉಪ್ಪುಖಾರ ಹಚ್ಚಿದ ಒಂದು ಹೋಳು ನನ್ನ ಕಡೆ ಚಾಚಿದರು. ತಿಂದೆ. ಲಾರಿ ಸರಿಸಿದರೇನೋ, ಮುಂದಿನ ಗಾಡಿಗಳು ಒಂದೊಂದಾಗಿ ಅಲುಗಾಡಿದವು.

ನಲ್ಲಂಪಳ್ಳಿಯಲ್ಲಿ ಇಳಿದು ಆಟೋ ಮಾಡಿಕೊಂಡೆವು. ಮರಗೆಣಸಿನ ಹೊಲ, ಕುರಿಮಂದೆ, ಮತ್ತೆ ಮರಗೆಣಸಿನ ಹೊಲ. ನಮ್ಮ ಚೌಡಮ್ಮನ ಗುಡಿ ದೊಡ್ಡದಲ್ಲ. ಮುಂದೆ ತಗಡಿನ ಚಪ್ಪರ, ಪಕ್ಕದಲ್ಲಿ ನೀರಿನ ತೊಟ್ಟಿ, ತೊಟ್ಟಿಯ ಹತ್ತಿರ ಬೇವಿನ ನೆರಳಲ್ಲಿ ಕ್ಷೌರದವನು. ಯಾರದೋ ಮಗುವಿಗೆ ಮುಡಿ ತೆಗೆಯುತ್ತಿದ್ದ. ಮಗು ಕಿರುಚುತ್ತಿತ್ತು. ಪೂಜಾರಿ ನಮ್ಮ ದೂರದ ನೆಂಟ. ತಟ್ಟೆ ಇಸಕೊಂಡು, "ಏನು ಅರಕೆ?" ಅಂತ ಕೇಳಿದ.

ನಂಜಮ್ಮಕ್ಕ ನನ್ನನ್ನು ನೋಡಿದರು. ನಮ್ಮನೆಯವರು ಚಪ್ಪರದ ಕಂಬ ನೋಡಿದರು.

ನಾನು ತಿರುಗಿ ಬೇವಿನ ಮರದ ಹತ್ತಿರ ಹೋದೆ. ಮಗುವಿನ ಕೆಲಸ ಮುಗಿದಿತ್ತು. ಕ್ಷೌರದವನ ಮುಂದಿನ ಮಣೆಯ ಮೇಲೆ ಕೂತೆ. ಮಂಡಿ ಚಟಚಟ ಅಂದಿತು. ಅವನು, "ಪೂ ಮುಡಿಯಾಮ್ಮಾ?" ಅಂದ. ಮುತ್ತೈದೆಯರು ಸಾಮಾನ್ಯವಾಗಿ ಕೊಡುವುದು ಅಷ್ಟೇ, ತುದಿಯಲ್ಲಿ ಒಂದು ಚಿಟಿಕೆ ಕೂದಲು.

"ಮೊಟ್ಟೆ" ಅಂದೆ. ಪೂರ್ತಿ ಬೋಳು ಅಂತ.

ನನ್ನ ಕೂದಲಿನ ಬಗ್ಗೆ ಒಂದು ಮಾತು. ಈ ವಯಸ್ಸಿಗೂ ಅದು ಸೊಂಟದ ತನಕ ಇತ್ತು. ನರೆತಿತ್ತು, ಆದರೆ ದಟ್ಟ. ಬೀದಿಯ ಹುಡುಗಿಯರು ಯಾವ ಎಣ್ಣೆ ಅಂತ ಕೇಳುತ್ತಿದ್ದರು, ನಾನು ಸರಿಯಾದ ಹೆಸರು ಹೇಳುತ್ತಿರಲಿಲ್ಲ. ಗಂಟು ಬಿಚ್ಚಿದಾಗ ಅದು ಮಣೆಯ ಆಚೆ ನೆಲದ ಮೇಲೆ ಬಿತ್ತು.

ನಂಜಮ್ಮಕ್ಕ ಓಡುವ ಹಾಗೆ ಬಂದರು. "ಏ ಲಚ್ಚೂ, ಏನು ಮಾಡ್ತಿದ್ದೀಯೇ. ನಾನು ಕೂದಲು ಕೇಳಿದ್ನಾ?"

"ನೀವು ಕೇಳಿದ್ದನ್ನ ಕೊಡಲ್ಲ ಅಕ್ಕಾ. ಇದನ್ನ ಕೊಡ್ತೀನಿ."

"ಗಂಡ ಕಣ್ಣೆದುರಿಗೆ ಗುಂಡುಕಲ್ಲಂಗೆ ಅವ್ನೆ. ಮುತ್ತೈದೆ ತಲೆ ಬೋಳಿಸ್ಕೊಂಡು ಬೀದೀಲಿ ಓದ್ರೆ ಜನ ಏನಂತಾರೆ?"

"ಅನ್ನೋರು ಆಗಲೇ ಅಂದಾಗೈತೆ. ಇದನ್ನೂ ಸೇರಿಸ್ಕೊಳ್ಳಲಿ."

ಕ್ಷೌರದವನು ಕೈಯಲ್ಲಿ ನೀರು ತುಂಬಿಕೊಂಡು ಯಾರ ಮಾತು ಕೇಳುವುದೋ ತಿಳಿಯದೆ ಕೂತಿದ್ದ. ನಂಜಮ್ಮಕ್ಕ ನನ್ನ ಎದುರಿಗೆ ನೆಲದ ಮೇಲೆ ಕುಕ್ಕರಿಸಿದರು. ದನಿ ಇಳಿಯಿತು. ಇಳಿದ ದನಿಯಲ್ಲಿ ಅವರು ಮುದುಕಿಯ ಹಾಗೆ ಕಂಡರು. "ಮಾತು ಬದಲಾಯಿಸಿದ್ರೆ ಅಮ್ಮ ಒಪ್ತಾಳೇನೆ? ಅವನಿಗೇನಾದ್ರೂ ಆದ್ರೆ?"

"ನನ್ನ ಕೈಯಾರೆ, ನನ್ನದು ಅನ್ನೋದನ್ನ ಕೊಡ್ತಾ ಇದ್ದೀನಿ. ಇದಕ್ಕಿಂತ ಚೆಂದದ್ದು ನನ್ನ ತಾವ ಇಲ್ಲ. ಒಪ್ಪದಿದ್ರೆ ಚೌಡಮ್ಮ ನನ್ನನ್ನ ಬಂದು ಕೇಳಲಿ. ನಿಮ್ಮ ತಮ್ಮನ್ನ ಕೇಳೋದು ಬೇಡ."

ಇದನ್ನು ನಾನು ಗುಡಿಯ ಬಾಗಿಲ ಕಡೆ ತಿರುಗಿ, ಒಳಗಿರುವವಳಿಗೂ ಕೇಳುವ ಹಾಗೆ ಹೇಳಿದೆ. ಪೂಜಾರಿ ತಟ್ಟೆ ಹಿಡಿದು ನಿಂತಿದ್ದ. ಅವನು ಏನೂ ಅನ್ನಲಿಲ್ಲ. ಚೌಡಮ್ಮನೂ ಏನೂ ಅನ್ನಲಿಲ್ಲ.

ನೀರು ತಲೆಗೆ ಬಿತ್ತು. ಕತ್ತಿ ಹಣೆಯಿಂದ ಹಿಂದಕ್ಕೆ ಹೋಯಿತು. ನೋವಿರಲಿಲ್ಲ, ಬರೀ ತಣ್ಣಗೆ. ಕೂದಲು ಮಡಿಲಿಗೆ ಬೀಳುವಾಗ ಅದರ ಭಾರ ತಿಳಿಯಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸುಳ್ಳು ಹೇಳಬಾರದು, ಒಂದೆರಡು ಹನಿ ಬಂತು, ಕೂದಲಿಗಾಗಿ. ಅತ್ತುಬಿಡುವಷ್ಟು ಚೆನ್ನಾಗಿಯೇ ಇತ್ತು ಅದು.

ಎದ್ದಾಗ ನಂಜಮ್ಮಕ್ಕನೇ ತೊಟ್ಟಿಯಿಂದ ಚೆಂಬಿನಲ್ಲಿ ನೀರು ಮೊಗೆದು ನನ್ನ ತಲೆ ತೊಳೆದರು. ಗುಡಿಯಿಂದ ಗಂಧ ತಂದು ಅಂಗೈಯಲ್ಲಿ ಹಚ್ಚಿದರು. ಮೆಲ್ಲಗೆ ಹಚ್ಚಲಿಲ್ಲ, ಸಿಟ್ಟಿನಲ್ಲಿ ಗೋಡೆಗೆ ಸುಣ್ಣ ಬಳಿಯುವ ಹಾಗೆ ಹಚ್ಚಿದರು. "ಮೊಂಡಿ" ಅಂದರು. "ನಮ್ಮ ಮನೇಗೆ ಬಂದು ಸೇರ್ಕೊಂಡ ಮೊಂಡಿ." ಹಚ್ಚುವುದು ಮಾತ್ರ ಕಿವಿಯ ಹಿಂದೆಯೂ ಬಿಡದೆ ಹಚ್ಚಿದರು.

ಪೂಜೆಯಾಯಿತು. ಮಂಗಳಾರತಿಯಲ್ಲಿ ಚೌಡಮ್ಮನ ಮುಖ ನೋಡಿದೆ. ಅವಳು ಯಾವಾಗಲೂ ಇದ್ದ ಹಾಗೆಯೇ ಇದ್ದಳು. ಅವಳ ತಲೆಯ ಮೇಲೆ ಬೆಳ್ಳಿಯ ಕಿರೀಟ, ನನ್ನ ತಲೆಯ ಮೇಲೆ ಗಂಧ. ನಮ್ಮನೆಯವರು ನನ್ನ ಪಕ್ಕ ಬಂದು ನಿಂತು ಕಿವಿಯಲ್ಲಿ, "ಇನ್ಮೇಲೆ ನೆಂಟರು ಬಂದ್ರೆ ನಾನು ಎದೆ ತೋರಿಸ್ತೀನಿ, ನೀನು ತಲೆ ತೋರಿಸು" ಅಂದರು. ಅವರ ಕಣ್ಣು ಒದ್ದೆಯಾಗಿತ್ತು, ಅದನ್ನು ನಾನು ನೋಡಲಿಲ್ಲ ಅಂತ ಅವರು ಅಂದುಕೊಂಡಿದ್ದಾರೆ.

ಪೂಜಾರಿಯ ಮನೆಯಲ್ಲಿ ಊಟ. ನಂಜಮ್ಮಕ್ಕ ಎರಡು ಸಲ ಅನ್ನ ಹಾಕಿಸಿಕೊಂಡರು. ಬಡಿಸುತ್ತಿದ್ದ ಪೂಜಾರಿಯ ಹೆಂಡತಿ ನನ್ನ ತಲೆ ನೋಡಿ, "ಏನಕ್ಕಾ ಅರಕೆ?" ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ನಂಜಮ್ಮಕ್ಕ, "ಗಂಡನಿಗೆ ಕೊಟ್ಟವ್ಳೆ. ಪೂರಾ ಮುಡಿ. ನಮ್ಮ ಕಡೆ ಯಾರು ಕೊಡ್ತಾರೆ ಇಂಗೆ?" ಅಂದರು. ಈ ಮಾತೂ ಸೇಲಂನಿಂದ ಧರ್ಮಪುರಿವರೆಗೆ ಓಡುತ್ತದೆ, ಅದು ನನಗೆ ಗೊತ್ತು. ಹಳೆಯದನ್ನು ಅಳಿಸಿ ಓಡಲಿ ಅಂತ ನಾನು ಕೇಳಿಕೊಂಡಿಲ್ಲ. ಎರಡೂ ಓಡಲಿ. ಎರಡೂ ನಾನೇ.

ಊಟವಾದ ಮೇಲೆ ಆಟೋ ಬರುವ ತನಕ ಗುಡಿಯ ಜಗಲಿಯ ಮೇಲೆ ಕೂತೆವು. ನಮ್ಮನೆಯವರು ಕಂಬಕ್ಕೆ ಒರಗಿದರು. ನಂಜಮ್ಮಕ್ಕ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಾಗಿಲು ತೆರೆದೇ ಇತ್ತು, ಒಳಗೆ ದೀಪ ಉರಿಯುತ್ತಿತ್ತು. ಗಾಳಿ ಬೀಸಿದರೆ ನೆತ್ತಿಗೆ ಹೊಸದಾಗಿ ತಿಳಿಯುತ್ತಿತ್ತು. ನಾನು ಚೀಲದಿಂದ ಫೋನ್ ತೆಗೆದೆ. ಸೆರಗಿನ ಮರೆಯಲ್ಲಿ ತೆಗೆಯಲಿಲ್ಲ.

ಮುಖ ತೋರಿಸಿದರೆ ತೆರೆಯುವ ಹಾಗೆ ಕವಿತಾ ಅದಕ್ಕೆ ಬೀಗ ಹಾಕಿಕೊಟ್ಟಿದ್ದಳು. ಮುಖದ ಮುಂದೆ ಹಿಡಿದೆ. ತೆರೆಯಲಿಲ್ಲ. ಇನ್ನೊಮ್ಮೆ ಹಿಡಿದೆ. ಗುರುತು ಸಿಗಲಿಲ್ಲ ಅಂತ ತೋರಿಸಿ ಮತ್ತೆ ಕತ್ತಲಾಯಿತು.

ನಂಜಮ್ಮಕ್ಕ ಬಗ್ಗಿ ನೋಡಿದರು. "ಏನಂತೆ?"

"ನಾನು ಯಾರು ಅಂತ ಗೊತ್ತಾಗ್ತಿಲ್ವಂತೆ."

"ನಿನಗೇ ಗೊತ್ತೈತಲ್ಲ, ಬಿಡು" ಅಂದರು, ಎಲೆ ಬಾಯಿಗಿಟ್ಟುಕೊಂಡು.

ನಾನು ನಂಬರ್ ಒತ್ತಿ ತೆರೆದೆ.